ಯಂತ್ರದೊಳಗಿನ ಲೆಕ್ಕ

ಹೂಲಿ, ಸವದತ್ತಿ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿನ ಜೂಜನ್ನು ಹಿಡಿಯಲು ಇದ್ದದ್ದು 1887ರ ಮುಂಬೈ ಜೂಜು ತಡೆ ಕಾಯ್ದೆ. ಅಡ್ಡೆ ಯಾರ ಮನೆಯಲ್ಲಿದೆ, ಎಲೆ ಯಾರ ಕೈಯಲ್ಲಿದೆ, ಪಣದ ದುಡ್ಡು ಎಷ್ಟು ಸಿಕ್ಕಿತು ಎಂಬುದಷ್ಟೇ ಅದರ ಚಿಂತೆ. ಬರೀ ಕೌಶಲದ ಆಟವನ್ನು ಅದು ಮುಟ್ಟುತ್ತಿರಲಿಲ್ಲ. ಆ ವಿನಾಯಿತಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಮಾಗಿ ಮುಂದುವರಿಯಿತು. ಬೆಳಗಾವಿ ಜಿಲ್ಲೆಯ ಪತ್ರಿಕೆ ಓದುವವರಿಗೆ ಈ ಕಾಯ್ದೆ ಗೊತ್ತಿರುವುದು ಬೇರೆ ಎರಡು ಕಲಮುಗಳಿಂದ: ಮಟ್ಕಾ ಬರೆದರೆ 78, ಬಯಲಲ್ಲಿ ಅಂದರ್-ಬಾಹರ್ ಆಡಿದರೆ 87.

ಆಟದ ಯಂತ್ರಗಳ ಚರಿತ್ರೆ ಇರುವುದು 31ನೇ ಕಲಮಿನಲ್ಲಿ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ವಿಧಿಸುವ ಅಧಿಕಾರ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರರದು, ಉಳಿದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರದು. ಇದರಡಿ 1989ರಲ್ಲಿ ಬೆಂಗಳೂರು ನಗರಕ್ಕೆ ಆದೇಶ ಹೊರಟು, ವಿಡಿಯೊ ಗೇಮ್ ಪಾರ್ಲರುಗಳೂ ಅದರ ಹಿಡಿತಕ್ಕೆ ಬಂದವು. ಮಾಲೀಕರು ಕೋರ್ಟಿಗೆ ಹೋದರು. ನಮ್ಮದು ಮನರಂಜನೆ, ಜೂಜಲ್ಲ ಎಂಬುದು ಅವರ ವಾದ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ ಮನರಂಜನೆ 33ನೇ ನಮೂದು, ಜೂಜು 34ನೆಯದು. ಅಕ್ಕಪಕ್ಕದ ಈ ಎರಡರಲ್ಲಿ ನಾಣ್ಯ ಹಾಕುವ ಯಂತ್ರ ಯಾವುದಕ್ಕೆ ಸೇರಬೇಕು?

1995ರಲ್ಲಿ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಅದೃಷ್ಟದಿಂದ, ಅಥವಾ ಅದೃಷ್ಟವೂ ಕೌಶಲವೂ ಬೆರೆತು ಫಲಿತಾಂಶ ಬರುವ ವಿಡಿಯೊ ಆಟ ಜೂಜಿನ ವ್ಯಾಖ್ಯೆಯೊಳಗೇ ಬರುತ್ತದೆ, ಅದಕ್ಕೆ ಲೈಸೆನ್ಸ್ ಕೇಳುವುದು ವ್ಯಾಪಾರದ ಹಕ್ಕಿನ ಮೇಲಿನ ಅನ್ಯಾಯವಲ್ಲ ಎಂದಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ತೀರ್ಪು ಗಮನಿಸಿದ ಇನ್ನೊಂದು ಸಂಗತಿ: ಯಂತ್ರವನ್ನು ತಿದ್ದಿ ಆಟಗಾರ ಗೆಲ್ಲದಂತೆ ಮಾಡಲು ಸಾಧ್ಯ. ಇಸ್ಪೀಟಿನಲ್ಲಿ ಎದುರಾಳಿ ಕಣ್ಣೆದುರೇ ಕೂತಿರುತ್ತಾನೆ. ಯಂತ್ರದಲ್ಲಿ ಅವನು ಕಾಣುವುದಿಲ್ಲ. ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯಲ್ಲಿ ಈ ಮೂರನೆಯವನಿಗೆ ಜಾಗವೇ ಇರಲಿಲ್ಲ.

ಅಮೆರಿಕದ ನೆವಾಡಾ ರಾಜ್ಯ ಅವನನ್ನೇ ಹಿಡಿದುಕೊಂಡಿತು. ಅಲ್ಲಿನ ನಿಯಂತ್ರಣ ಮಂಡಳಿ ಯಂತ್ರದ ಒಳಗಿನ ಪ್ರೋಗ್ರಾಂ ಅನ್ನೇ ಪರೀಕ್ಷಿಸುತ್ತದೆ. ಹಾಕಿದ ಹಣದಲ್ಲಿ ಲೆಕ್ಕದ ಪ್ರಕಾರ ಕನಿಷ್ಠ ಶೇ. 75 ಆಟಗಾರರಿಗೆ ಮರಳಬೇಕೆಂಬುದು ಅಲ್ಲಿನ ನಿಯಮ. ಚೋರ್ಲಾ ಘಾಟಿ ಇಳಿದರೆ ಸಿಗುವ ಗೋವಾ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಿಗೆ ಸ್ಲಾಟ್ ಯಂತ್ರ ಇಡಲು ಅನುಮತಿ ಕೊಟ್ಟಿತು. ಕರ್ನಾಟಕ ಆ ದಾರಿ ಹಿಡಿಯದೆ 2007ರಲ್ಲಿ ಲಾಟರಿಯನ್ನೂ ನಿಲ್ಲಿಸಿತು. ಆ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ನಂಬಿಕೆ. ಕೂಲಿಯ ದುಡ್ಡು ಸಂಜೆಯೊಳಗೆ ಕರಗುವುದನ್ನು ಈ ಸೀಮೆಯ ಮನೆಗಳು ಕಂಡಿವೆ.

ಆಮೇಲೆ ಯಂತ್ರ ಜೇಬಿಗೇ ಬಂತು. 2021ರ ಅಕ್ಟೋಬರಿನಲ್ಲಿ ರಾಜ್ಯ ಪೊಲೀಸ್ ಕಾಯ್ದೆ ತಿದ್ದಿ, ಹಣ ಪಣಕ್ಕಿಟ್ಟ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಬಿಡದೆ, ಅಪರಾಧವೆಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ, ಕೌಶಲ-ಅದೃಷ್ಟದ ಭೇದವನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್‌ಗೆ ಅವಕಾಶ ಉಳಿಸಿತು. ಅದರ ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಬಂದ ಅರ್ಜಿಯೂ ಉಳಿದವುಗಳ ಜೊತೆ ಸುಪ್ರೀಂ ಕೋರ್ಟಿಗೆ ವರ್ಗವಾಯಿತು.

ಫೋನಿನ ಆಟದ ವಿಚಾರ ಹೀಗೆ ದೆಹಲಿಗೆ ಹೋಯಿತು. ಮಾಲಿನ ಗೇಮ್ ಜೋನಿನಲ್ಲೋ ಯಲ್ಲಮ್ಮನ ಜಾತ್ರೆಯಲ್ಲೋ ನಾಣ್ಯ ನುಂಗುವ ಯಂತ್ರ ನಿಂತರೆ ಅದನ್ನು ನೋಡಬೇಕಾದದ್ದು ಈಗಲೂ ರಾಜ್ಯವೇ. ಸವದತ್ತಿ ತಾಲ್ಲೂಕಿನ ಮಟ್ಟಿಗೆ ಆ ಹೊಣೆ ಬೆಳಗಾವಿಯ ಜಿಲ್ಲಾ ಮ್ಯಾಜಿಸ್ಟ್ರೇಟರದು. ಬಾಗಿಲ ಅಳತೆ, ಮುಚ್ಚುವ ಹೊತ್ತು ಕೇಳುವ ಲೈಸೆನ್ಸು ಯಂತ್ರದ ಪ್ರೋಗ್ರಾಮಿನ ಪರೀಕ್ಷಾ ವರದಿಯನ್ನೂ ಕೇಳಬೇಕು.