ಎಡಗೈಯ ಜಾಣ್ಮೆ ಮತ್ತು ಯಳಂದೂರಿನ ಜಹಗೀರು

ಒರಟುತನವಿಲ್ಲದೆ, ನಾಜೂಕಾಗಿ ಕೆಲಸ ಸಾಧಿಸುವವರಿಗೆ ‘ಎಡಗೈ ಇದೆ’ ಎನ್ನುವುದು ಸ್ಪ್ಯಾನಿಷ್ ನುಡಿಗಟ್ಟು: ‘ತೆನೇರ್ ಮಾನೊ ಇಸ್ಕಿಯೆರ್ದಾ’. ಸವಾರನ ಬಲಗೈ ಕತ್ತಿ ಹಿಡಿದಿದ್ದರೆ ಕುದುರೆಯ ಲಗಾಮು ಎಡಗೈಯಲ್ಲಿರುತ್ತಿತ್ತು, ಮಾತು ಹುಟ್ಟಿದ್ದು ಅಲ್ಲಿಂದ ಎನ್ನುವವರುಂಟು. ಗೂಳಿ ಕಾಳಗದಲ್ಲಿ ಎಡಗೈಯಿಂದ ಬಟ್ಟೆ ಬೀಸುವ ಕಷ್ಟದ ಪಟ್ಟನ್ನು ಮೂಲವೆನ್ನುವವರೂ ಇದ್ದಾರೆ.

ಕನ್ನಡ ನಾಡಿನಲ್ಲಿ ಎಡಗೈಗೆ ಈ ಮರ್ಯಾದೆಯಿಲ್ಲ. ಎಡಗೈಯಲ್ಲಿ ದುಡ್ಡು ಚಾಚಿದರೆ ಅಂಗಡಿಯವರ ಮುಖ ಗಂಟಾಗುತ್ತದೆ. ‘ದಾಕ್ಷಿಣ್ಯ’ ಎಂಬ ಪದದ ಬೇರೂ ಬಲಗಡೆ ಎಂಬರ್ಥದ ‘ದಕ್ಷಿಣ’ದಲ್ಲೇ ಇದೆ. ಆದರೆ ದಾಕ್ಷಿಣ್ಯಕ್ಕೆ ಬಿದ್ದವರು ಎದುರಿನವರ ಮನಸ್ಸು ನೋಯದಿರಲೆಂದು ತಾವೇ ಬಗ್ಗುತ್ತಾರೆ. ಸ್ಪೇನಿನ ಎಡಗೈ ಬಗ್ಗಿದಂತೆ ಕಂಡರೂ ಲಗಾಮು ಬಿಡುವುದಿಲ್ಲ. ಅದಕ್ಕೆ ಹತ್ತಿರದ ಕನ್ನಡ ಮಾತು ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬುದು.

ಕೊಳ್ಳೇಗಾಲದ ಸೀಮೆಯಲ್ಲಿ ಈ ಜಾಣ್ಮೆಯ ನೆನಪು ಒಂದು ಊರಿಗೇ ಅಂಟಿಕೊಂಡಿದೆ. ಅದು ಯಳಂದೂರು, ದಿವಾನ್ ಪೂರ್ಣಯ್ಯನವರ ಜಹಗೀರು.

ಲೆಕ್ಕಪತ್ರದ ಕೆಲಸದಿಂದ ಮೇಲೆ ಬಂದ ಪೂರ್ಣಯ್ಯ ಹೈದರಾಲಿಯ ನಂಬಿಗಸ್ತ ಮಂತ್ರಿಯಾದರು. 1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಬಳಿಯ ದಂಡಿನ ಬಿಡಾರದಲ್ಲಿ ತೀರಿಕೊಂಡಾಗ ಇಂಗ್ಲಿಷರೊಡನೆ ಯುದ್ಧ ನಡೆದೇ ಇತ್ತು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚೆದುರುವ ಭಯ. ಪೂರ್ಣಯ್ಯ ಮತ್ತು ಅವರ ಸಹೋದ್ಯೋಗಿ ಕೃಷ್ಣರಾವ್ ಸೇರಿ ಸಾವನ್ನು ಗುಟ್ಟಾಗಿಟ್ಟರು. ದೇಹಕ್ಕೆ ಸುಗಂಧದ್ರವ್ಯ ಹಾಕಿ, ಖಜಾನೆಯ ಪೆಟ್ಟಿಗೆಯೆಂಬಂತೆ ಬಿಗಿದು, ಕಾವಲಿನೊಡನೆ ಕೋಲಾರಕ್ಕೆ ಸಾಗಿಸಿದರು. ದಂಡಿನ ವ್ಯವಹಾರ ದೊರೆ ಬದುಕಿದ್ದಾಗಿನಂತೆಯೇ ಸಾಗಿತು. ಹೈದರನ ಕಿರಿಯ ಮಗನನ್ನು ಪಟ್ಟಕ್ಕೇರಿಸಲು ಹವಣಿಸಿದವರು ಬಂಧನಕ್ಕೊಳಗಾದರು. ಟಿಪ್ಪು ಬಂದು ಅಧಿಕಾರ ವಹಿಸಿಕೊಳ್ಳುವವರೆಗೂ ಸೈನ್ಯ ಒಡೆಯಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಜೂನ್ 30ರಂದು ಪಟ್ಟವೇರಿದಾಗ ದಿವಾನರಾದವರೂ ಪೂರ್ಣಯ್ಯನವರೇ. ನಿನ್ನೆಯವರೆಗೆ ಶತ್ರುವಾಗಿದ್ದ ಕಂಪನಿ ಸರ್ಕಾರ, ಮರಳಿ ಬಂದ ರಾಜಮನೆತನ, ಕೆಲಸ ಕಳೆದುಕೊಂಡ ಹಳೆಯ ಸೈನಿಕರು, ಇವರೆಲ್ಲರನ್ನೂ ಸಂಭಾಳಿಸುತ್ತ 1811ರವರೆಗೆ ಅವರು ಆಡಳಿತ ನಡೆಸಿದರು. ಇದನ್ನು ಪಕ್ಷಾಂತರವೆಂದು ಜರೆದವರಿದ್ದಾರೆ. ಆದರೆ ಹೈದರ್ ಸತ್ತ ದಿನಗಳಲ್ಲಿ ಟಿಪ್ಪುವಿನ ಪಟ್ಟವನ್ನು ಕಾಪಾಡಿದ ಕೈಯನ್ನು ಬರಿಯ ಅವಕಾಶವಾದಿಯ ಕೈ ಎನ್ನುವುದು ನ್ಯಾಯವಲ್ಲ.

ದಿವಾನರಾಗಿ ಮಾಡಿದ ಸೇವೆಗೆ ಮೆಚ್ಚಿ 1807ರಲ್ಲಿ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ಕೊಡಲಾಯಿತು. ಸುವರ್ಣಾವತಿ ಹೊಳೆಯ ನೀರುಣ್ಣುವ ನಾಡು ಅದು. ಪಕ್ಕದ ಕೊಳ್ಳೇಗಾಲ ಟಿಪ್ಪುವಿನ ಪತನದ ನಂತರ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ, ಅಕ್ಕಪಕ್ಕದ ಊರುಗಳ ನಡುವೆಯೇ ಮದ್ರಾಸು ಮತ್ತು ಮೈಸೂರಿನ ಗಡಿ ಬಂತು. ಆ ಗಡಿ ಅಳಿದದ್ದು 1956ರ ನವೆಂಬರ್ 1ರಂದು.

ಪೂರ್ಣಯ್ಯ 1812ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಜಹಗೀರುದಾರರ ಬಂಗಲೆ ಯಳಂದೂರಿನಲ್ಲಿ ಇಂದಿಗೂ ನಿಂತಿದೆ.