ಚಪ್ಪಾಳೆಗೆ ಹೆದರಿದವರು

ಪ್ರತಿಭಟನೆ ಎಂದೊಡನೆ ನಮಗೆ ನೆನಪಾಗುವುದು ಘೋಷಣೆ, ಮೆರವಣಿಗೆ, ಜೈಲು. ಆದರೆ ಬಾಯಿಬಿಟ್ಟರೆ ಮನೆಮಂದಿಯೇ ಕಾಣೆಯಾಗುವಂಥ ನಾಡಿನಲ್ಲಿ ಒಬ್ಬ ಹೆಣ್ಣು ಏನು ಮಾಡಬಲ್ಲಳು? ರಷ್ಯದ ಬ್ಯಾಲೆ ಕಲಾವಿದೆ ಮಾಯಾ ಪ್ಲಿಸೆತ್ಸ್ಕಾಯಾಳ ಬದುಕು ಇದಕ್ಕೊಂದು ಉತ್ತರ.

ಮಾಯಾ ಹುಟ್ಟಿದ್ದು 1925ರಲ್ಲಿ, ಮಾಸ್ಕೋದಲ್ಲಿ. ತಂದೆ ಸರ್ಕಾರಿ ಅಧಿಕಾರಿ, ತಾಯಿ ರಖೀಲ್ ಮೂಕಿಚಿತ್ರಗಳ ನಟಿ. ಸ್ಟಾಲಿನ್ನನ ದಮನದ ಕಾಲದಲ್ಲಿ, 1937ರಲ್ಲಿ, ತಂದೆಯನ್ನು ಬಂಧಿಸಿದರು. ಮರುವರ್ಷ ಗುಂಡಿಟ್ಟು ಕೊಂದರು. 'ಜನದ್ರೋಹಿ'ಯ ಹೆಂಡತಿ ಎಂಬ ಒಂದೇ ಅಪರಾಧಕ್ಕೆ ತಾಯಿಯನ್ನು ಎಳೆಗೂಸಿನ ಸಮೇತ ಹಿಡಿದು ಕಜಕಸ್ತಾನದ ಶಿಬಿರಕ್ಕೆ ಅಟ್ಟಿದರು. ಹನ್ನೆರಡರ ಮಾಯಾ ಅನಾಥಾಲಯದ ಪಾಲಾಗಬೇಕಿತ್ತು. ಬೊಲ್ಶೊಯ್ ರಂಗಮಂದಿರದಲ್ಲಿ ನರ್ತಕಿಯಾಗಿದ್ದ ಚಿಕ್ಕಮ್ಮ ಸುಲಮಿಥ್ ದತ್ತು ತೆಗೆದುಕೊಂಡು ಅವಳನ್ನು ಉಳಿಸಿಕೊಂಡಳು.

ಅದೇ ಸರ್ಕಾರಕ್ಕೆ ಬ್ಯಾಲೆ ಎಂದರೆ ಮೆರೆಸುವ ಒಡವೆ. 1943ರಲ್ಲಿ ಬೊಲ್ಶೊಯ್ ಸೇರಿದ ಮಾಯಾ, 1949ರಲ್ಲಿ ಸ್ಟಾಲಿನ್ನನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವನೆದುರೇ ಕುಣಿಯಬೇಕಾಯಿತು. ವಿದೇಶದ ಗಣ್ಯರು ಬಂದರೆ ಅವಳ 'ಹಂಸ ಸರೋವರ' ಬೇಕು. ಮಾಟಕ್ಕೆ ಸಿಕ್ಕಿ ಹಂಸವಾದ ರಾಜಕುಮಾರಿಯ ಕಥೆ, ಚೈಕೋವ್‌ಸ್ಕಿಯ ಸಂಗೀತ. ಆದರೆ ಅವಳನ್ನೇ ಹೊರಗೆ ಕಳಿಸಲು ನಂಬಿಕೆಯಿಲ್ಲ! 1956ರಲ್ಲಿ ತಂಡ ಲಂಡನ್ನಿಗೆ ಹೊರಟಾಗ ಅವಳನ್ನು ಬಿಟ್ಟುಹೋದರು. ಹಿಂದೆ ಉಳಿದವರನ್ನೇ ಕೂಡಿಕೊಂಡು ಮಾಯಾ ಮಾಸ್ಕೋದಲ್ಲಿ ಹಂಸವಾಗಿ ಕುಣಿದಳು. ಚಪ್ಪಾಳೆ ನಿಲ್ಲಲೊಲ್ಲದು. ಅದನ್ನು ಅಡಗಿಸಲು ಪೊಲೀಸರೇ ಬಂದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಅಮೆರಿಕಕ್ಕೆ ಹೋಗಲು ಆಕೆ 1959ರವರೆಗೆ ಕಾಯಬೇಕಾಯಿತು.

1967ರ ಏಪ್ರಿಲ್‌ನಲ್ಲಿ ಅವಳು 'ಕಾರ್ಮೆನ್' ಆದಳು. ಸಂಯೋಜನೆ ಕ್ಯೂಬಾದ ಅಲ್ಬರ್ಟೊ ಅಲೊನ್ಸೊನದು. ಬಿಜೆಯ ಸಂಗೀತವನ್ನು ಹೊಸದಾಗಿ ಹೊಂದಿಸಿದವನು ಗಂಡ ರೊದಿಯೋನ್ ಶ್ಚೆದ್ರಿನ್. ಸತ್ತರೂ ಸರಿ, ನನ್ನ ಮನಸ್ಸಿಗೆ ನಾನೇ ಒಡತಿ ಎನ್ನುವ ಹೆಣ್ಣಿನ ಕಥೆ ಅದು. ಅಂಥವಳು ಅಧಿಕಾರಕ್ಕೆ ಹೇಗೆ ಹಿಡಿಸಿಯಾಳು? ಸಂಸ್ಕೃತಿ ಸಚಿವೆ ಫುರ್ತ್ಸೆವಾ, ಅವಳೂ ಹೆಣ್ಣೇ, ಕೆಂಡವಾದಳು. ಪ್ರಣಯದ ದೃಶ್ಯಕ್ಕೆ ಕತ್ತರಿ ಬಿತ್ತು. ಮಾಂಟ್ರಿಯಲ್ಲಿನ ವಿಶ್ವಮೇಳಕ್ಕೆ ಒಯ್ಯುವುದನ್ನೂ ತಡೆದರು. ಮಾಯಾ ಕಾರ್ಮೆನ್ನಳನ್ನು ಬಿಡಲಿಲ್ಲ. ಮುಂದೆ ಸುಮಾರು 350 ಸಲ ಕುಣಿದಳು.

ಅವಳಿಗೆ ಸರ್ಕಾರದ ಪದಕಗಳೂ ಬಂದವು. 1961ರಲ್ಲಿ ನುರಿಯೆವ್ ಮಾಡಿದಂತೆ ದೇಶ ಬಿಟ್ಟು ಹೋಗಲೂ ಇಲ್ಲ. ಇದೆಂಥ ಪ್ರತಿಭಟನೆ ಎಂದು ಕೇಳಬಹುದು. ಅಪ್ಪನನ್ನು ಕೊಂದವರು ಕೊಟ್ಟ ರಂಗದ ಮೇಲೆಯೇ ಅವರಿಗೆ ಬೇಡವಾದ ಹೆಣ್ಣನ್ನು ತಂದು ನಿಲ್ಲಿಸುವುದು ಓಡಿಹೋಗುವುದಕ್ಕಿಂತ ಸುಲಭವೆಂದು ನನಗಂತೂ ಅನ್ನಿಸುವುದಿಲ್ಲ.

ಮಾಯಾ 2015ರಲ್ಲಿ ತೀರಿಕೊಂಡಳು. ಹಂಸಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 1991ರ ಆಗಸ್ಟ್‌ನಲ್ಲಿ ಮಾಸ್ಕೋದ ಬೀದಿಗಳಿಗೆ ಟ್ಯಾಂಕುಗಳು ಇಳಿದಾಗ ಸರ್ಕಾರಿ ಟಿ.ವಿ. ಸುದ್ದಿ ಮುಚ್ಚಿಡಲು ತೋರಿಸಿದ್ದು 'ಹಂಸ ಸರೋವರ'ವನ್ನೇ. 2022ರ ಮಾರ್ಚ್‌ನಲ್ಲಿ, ಉಕ್ರೇನಿನ ಯುದ್ಧವನ್ನು ಯುದ್ಧವೆಂದೇ ಕರೆದ ದೋಜ್ದ್ ಎಂಬ ಖಾಸಗಿ ವಾಹಿನಿ ಪ್ರಸಾರ ನಿಲ್ಲಿಸಬೇಕಾಗಿ ಬಂತು. ಕೊನೆಗೆ ಅದು ತೋರಿಸಿದ್ದು ಅವೇ ಹಂಸಗಳನ್ನು. ನೋಡಿದವರಿಗೆಲ್ಲ ಅರ್ಥವಾಯಿತು.