ಟಾರ್ಚ್ ತಗೊಳ್ಳೋ ಮುಂಚೆ ಇದನ್ನ ಓದಿ: ಜೇಬಿಗೆ ಹಿಡಿಯೋ ಎಲ್‌ಇಡಿ ಟಾರ್ಚ್ ಆರಿಸೋದು ಹೇಗೆ?

ಗುಬ್ಬಿ: ಪಂಪ್‌ಸೆಟ್‌ಗೆ 3 ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತೆ ಅನ್ನೋದು ರೈತರ ಕೈಯಲ್ಲಿಲ್ಲ. ಪಾಳಿ ರಾತ್ರಿಗೆ ಬಂದರೆ ರಾತ್ರಿಯೇ ತೋಟಕ್ಕೆ ಹೋಗಬೇಕು. ಮೋಟರ್ ಆನ್ ಮಾಡಬೇಕು, ಗೇಟ್‌ವಾಲ್ವ್ ತಿರುಗಿಸಬೇಕು, ಡ್ರಿಪ್ ಪೈಪ್ ಕಿತ್ತುಹೋಗಿದೆಯಾ ನೋಡಬೇಕು. ತೆಂಗಿನ ಗರಿ, ಅಡಿಕೆ ಹಾಳೆ ಬಿದ್ದಿರೋ ನೆಲದ ಮೇಲೆ ಮಲಗಿದ ಕೊಳಕುಮಂಡಲ ಹಗಲು ಹೊತ್ತಲ್ಲೇ ಬೇಗ ಕಣ್ಣಿಗೆ ಬೀಳಲ್ಲ, ಕತ್ತಲಲ್ಲಂತೂ ಕೇಳೋದೇ ಬೇಡ. ಸಿ.ಎಸ್.ಪುರ ಕಡೆಯವರಿಗೆ ಚಿರತೆ ಭಯ ಬೇರೆ.

ಹಾಗಾಗಿ ನಮ್ಮ ಕಡೆ ಟಾರ್ಚ್ ಶೋಕಿ ಸಾಮಾನಲ್ಲ, ಮನೆಗೆ ಬೇಕೇ ಬೇಕಾದ ವಸ್ತು. ಆದರೆ ಈಗ ಅಂಗಡಿಗೆ ಹೋದರೆ ಡಬ್ಬಿ ಮೇಲೆ '10000 ಲ್ಯೂಮೆನ್', '2 ಕಿ.ಮೀ. ಬೆಳಕು', '9900 ಎಂಎಎಚ್' ಅಂತ ಏನೇನೋ ಬರೆದಿರುತ್ತೆ. ಅದರಲ್ಲಿ ಯಾವುದು ನಿಜ, ಯಾವುದು ಬುರುಡೆ? ತಗೊಳ್ಳೋರಿಗೂ ಮಾರೋರಿಗೂ ಉಪಯೋಗ ಆಗೋ ಮಾಹಿತಿ ಇಲ್ಲಿದೆ.

ಮೊಬೈಲ್ ಟಾರ್ಚ್ ಸಾಕಲ್ವಾ?

ಮನೆಯೊಳಗೆ ಚಪ್ಪಲಿ ಹುಡುಕೋಕೆ ಸಾಕು. ತೋಟಕ್ಕೆ ಸಾಲದು. ಮೊಬೈಲ್ ಬೆಳಕು ಸುತ್ತಲೂ ಚೆಲ್ಲಿಹೋಗುತ್ತೆ, ನಾಲ್ಕು ಹೆಜ್ಜೆ ಆಚೆಗೆ ನೆಲ ಸ್ಪಷ್ಟವಾಗಿ ಕಾಣಲ್ಲ. ಇನ್ನೊಂದು ವಿಷಯ ಏನಂದ್ರೆ, ರಾತ್ರಿ ತೋಟದಲ್ಲಿ ಏನಾದರೂ ಆದರೆ ಫೋನ್ ಮಾಡೋಕೆ ಇರೋದು ಅದೇ ಮೊಬೈಲ್. ಅದರ ಚಾರ್ಜ್ ಬೆಳಕಿಗೆ ಖಾಲಿ ಮಾಡೋದು ಜಾಣತನ ಅಲ್ಲ.

ಮೊದಲು ಕೆಲಸ ಯಾವುದು ಅಂತ ನೋಡಿ

ಬೆಳಕನ್ನ ಲ್ಯೂಮೆನ್‌ನಲ್ಲಿ ಅಳೀತಾರೆ. ಟಾರ್ಚಿನಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅನ್ನೋದರ ಲೆಕ್ಕ ಅದು. ದಿನಬಳಕೆಗೆ ಸುಮಾರಾಗಿ ಹೀಗೆ ಇಟ್ಟುಕೊಳ್ಳಬಹುದು:

- ಕರೆಂಟ್ ಹೋದಾಗ ಮನೆಯೊಳಗೆ ಓಡಾಡೋಕೆ: 5ರಿಂದ 20 ಲ್ಯೂಮೆನ್
- ಹಿತ್ತಲು, ಕೊಟ್ಟಿಗೆ, ಬೀದಿ: 50ರಿಂದ 100
- ತೋಟ, ಬದು, ಕಾಲುದಾರಿ: 150ರಿಂದ 300
- ದೂರದಲ್ಲಿ ಏನಿದೆ ನೋಡೋಕೆ: 300ಕ್ಕಿಂತ ಹೆಚ್ಚು, ಜೊತೆಗೆ ಬೆಳಕು ಒಂದೇ ಕಡೆ ಕೂಡಿ ಹೋಗಬೇಕು

ಹಳೇ ಕಾಲದ ಎರಡು ಸೆಲ್ಲಿನ ಬಲ್ಬ್ ಟಾರ್ಚ್ ಕೊಡ್ತಿದ್ದದ್ದು ಇವತ್ತಿನ ಸಣ್ಣ ಎಲ್‌ಇಡಿ ಮುಂದೆ ಏನೇನೂ ಅಲ್ಲ. ಅದರಲ್ಲೇ ನಮ್ಮ ತಾತಂದಿರು ರಾತ್ರಿಯೆಲ್ಲ ನೀರು ಕಟ್ಟಿದ್ದಾರೆ. ಅಂದ್ರೆ ನಿಜವಾದ 200 ಲ್ಯೂಮೆನ್ ಇದ್ದರೆ ತೋಟದ ಕೆಲಸಕ್ಕೆ ಧಾರಾಳ ಆಯ್ತು. ಇನ್ನೊಂದು ನೆನಪಿಡಿ: ಲ್ಯೂಮೆನ್ ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟು ಕಾಣಲ್ಲ. ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ನಾಲ್ಕು ಪಟ್ಟು ಬೆಳಕು ಬೇಕು. 300ರ ಬದಲು 400ರದ್ದು ಅಂತ ಜಾಸ್ತಿ ದುಡ್ಡು ಕೊಟ್ಟರೆ ನಿಮ್ಮ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲಿಕ್ಕಿಲ್ಲ.

ಬೆಳಕು ಎಷ್ಟು ದೂರ ಹೋಗುತ್ತೆ ಅನ್ನೋದು ಬೇರೆ ಲೆಕ್ಕ. ಅದಕ್ಕೆ ಕ್ಯಾಂಡೆಲಾ ಅಂತಾರೆ. ಒಳ್ಳೆ ಕಂಪನಿಗಳು ಎಫ್‌ಎಲ್ 1 ಅನ್ನೋ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರೋ ಮಾನದಂಡದ ಪ್ರಕಾರ ಅಳೆದು ಡಬ್ಬಿ ಮೇಲೆ ಹಾಕ್ತಾರೆ. ಅದರಲ್ಲಿ '100 ಮೀಟರ್' ಅಂದ್ರೆ, ನೂರು ಮೀಟರ್ ಆಚೆ ಬೀಳೋ ಬೆಳಕು 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ಏನೋ ನಿಂತಿದೆ ಅಂತ ಗೊತ್ತಾಗುತ್ತೆ, ನಾಯಿನೋ ಚಿರತೆನೋ ಅಂತ ಗೊತ್ತಾಗಲ್ಲ. ಆದ್ದರಿಂದ ಡಬ್ಬಿ ಮೇಲಿನ ದೂರದಲ್ಲಿ ಮೂರರಲ್ಲಿ ಒಂದು ಭಾಗ ಮಾತ್ರ ನಿಮ್ಮ ಉಪಯೋಗಕ್ಕೆ ಅಂದ್ಕೊಳ್ಳಿ.

ದೂರಕ್ಕೆ ಹೋಗೋ ಟಾರ್ಚ್ ಹತ್ತಿರದ ನೆಲಕ್ಕೆ ಚೆನ್ನಾಗಿರಲ್ಲ. ಸಣ್ಣ ಚುಕ್ಕೆ ಥರ ಬೆಳಕು ಬಿದ್ದು ಅಕ್ಕಪಕ್ಕ ಕಪ್ಪಾಗಿಬಿಡುತ್ತೆ. ಹಾವು ಇರೋದು ಆ ಕಪ್ಪಲ್ಲೇ. ದಿನಬಳಕೆಗೆ ನಡುವೆ ಗಟ್ಟಿ ಬೆಳಕು, ಸುತ್ತ ಹರಡಿದ ಮಂದ ಬೆಳಕು ಎರಡೂ ಇರೋದೇ ಸರಿ.

ಬುರುಡೆ ಹಿಡಿಯೋ ಲೆಕ್ಕ

ಇದು ಸುಲಭ, ಅಂಗಡಿಯಲ್ಲಿ ನಿಂತೇ ಮಾಡಬಹುದು. ಈಗಿನ ಚಾರ್ಜಿಂಗ್ ಟಾರ್ಚ್‌ಗಳಲ್ಲಿ ಹೆಚ್ಚಾಗಿ ಇರೋದು 18650 ಅನ್ನೋ ಲಿಥಿಯಂ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ ಆ ಹೆಸರು. ಈ ಸೈಜಿನ ಒಳ್ಳೆ ಸೆಲ್ಲಿನಲ್ಲಿ ಸಾಮಾನ್ಯವಾಗಿ 3500 ಎಂಎಎಚ್‌ವರೆಗೆ ಹಿಡಿಯುತ್ತೆ. ಅದೇ ಸೆಲ್ ಮೇಲೆ 6800, 9900 ಅಂತ ಬರೆದಿದ್ದರೆ ಯೋಚನೆ ಮಾಡೋದೇ ಬೇಡ, ಸುಳ್ಳು.

ಇನ್ನು ಎಷ್ಟು ಹೊತ್ತು ಉರಿಯುತ್ತೆ? 2600 ಎಂಎಎಚ್ ಸೆಲ್ ತಗೊಳ್ಳಿ. 2.6 ಅನ್ನು 3.7 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 9.6 ವ್ಯಾಟ್-ಗಂಟೆ. ಎಲ್‌ಇಡಿ ಟಾರ್ಚು ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತೆ ಅಂತ ಹಿಡಿದರೆ, 100 ಲ್ಯೂಮೆನ್‌ನಲ್ಲಿ ಒಂಬತ್ತು ಗಂಟೆ, 300ರಲ್ಲಿ ಮೂರು ಗಂಟೆ, 1000ದಲ್ಲಿ ಒಂದು ಗಂಟೆಯೂ ಇಲ್ಲ. ಡಬ್ಬಿ ಮೇಲೆ '2000 ಲ್ಯೂಮೆನ್, 10 ಗಂಟೆ' ಅಂತಿದ್ದರೆ ಅಂಥ ಸೆಲ್ ಇಪ್ಪತ್ತು ಬೇಕು. ಅಷ್ಟು ಸೆಲ್ಲಿನ ತೂಕವೇ ಒಂದು ಕೆ.ಜಿ. ಹತ್ತಿರ ಬರುತ್ತೆ. ಅಂಗೈಯಲ್ಲಿ ಹಿಡಿಯೋ ಟಾರ್ಚಿನೊಳಗೆ ಅದು ಎಲ್ಲಿ ಹೋಗುತ್ತೆ?

ಇನ್ನೂ ಒಂದು. ಸಣ್ಣ ಟಾರ್ಚ್ ಜಾಸ್ತಿ ಬೆಳಕು ಕೊಟ್ಟರೆ ಬಿಸಿಯಾಗುತ್ತೆ. ಅದಕ್ಕೆ ಒಳ್ಳೆ ಟಾರ್ಚ್‌ಗಳೂ ಕೆಲವು ನಿಮಿಷ ಆದಮೇಲೆ ತಾವೇ ಬೆಳಕು ಇಳಿಸಿಕೊಳ್ತವೆ. ಎಫ್‌ಎಲ್ 1 ಲೆಕ್ಕದಲ್ಲಿ ಬಾಳಿಕೆ ಸಮಯ ಅಂದ್ರೆ ಶುರುವಿನ ಬೆಳಕು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯೋವರೆಗಿನ ಹೊತ್ತು. ಪೂರ್ತಿ ಹೊತ್ತು ಒಂದೇ ಸಮ ಉರಿಯುತ್ತೆ ಅಂತ ತಿಳ್ಕೋಬೇಡಿ.

ಬ್ಯಾಟರಿ: ಯಾರಿಗೆ ಯಾವುದು?

ಪೆನ್ ಸೆಲ್ (ಡಬಲ್ ಎ): ಅಪರೂಪಕ್ಕೆ ಬಳಸೋರಿಗೆ, ವಯಸ್ಸಾದವರಿಗೆ ಇದೇ ವಾಸಿ. ಸೆಲ್ ಹಳ್ಳಿ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತೆ, ಚಾರ್ಜ್ ಮಾಡೋ ತಲೆನೋವಿಲ್ಲ. ಆದರೆ ತಿಂಗಳುಗಟ್ಟಲೆ ಬಳಸದೆ ಇಟ್ಟರೆ ಸೆಲ್ ಸೋರಿ ಒಳಗಿನ ಸ್ಪ್ರಿಂಗ್ ಕಿಲುಬು ಹಿಡಿಯುತ್ತೆ. ಬಳಸದಾಗ ಸೆಲ್ ತೆಗೆದಿಡಿ. ಹಳೇದು ಹೊಸದು ಬೆರೆಸಿ ಹಾಕಬೇಡಿ.

ಗೋಡೆ ಪ್ಲಗ್‌ಗೆ ನೇರ ಹಾಕೋ ಚಾರ್ಜಿಂಗ್ ಟಾರ್ಚ್: ಹಿಂದೆ ಎರಡು ಪಿನ್ ಇರುತ್ತಲ್ಲ, ಅದು. ಇವುಗಳಲ್ಲಿ ಬಹಳಷ್ಟರಲ್ಲಿ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇರುತ್ತೆ. ಈ ಬ್ಯಾಟರಿಗೆ ಖಾಲಿ ಬಿಟ್ಟರೆ ಆಗಲ್ಲ. ಪೂರ್ತಿ ಆರಿಹೋದ ಟಾರ್ಚನ್ನ ಮೂಲೆಗೆ ಹಾಕಿ ಎರಡು ತಿಂಗಳು ಬಿಟ್ಟು ತೆಗೆದರೆ ಚಾರ್ಜೇ ಹಿಡಿಯಲ್ಲ. 'ಆರು ತಿಂಗಳಿಗೇ ಹೋಯ್ತು' ಅನ್ನೋ ದೂರಿಗೆ ಮುಖ್ಯ ಕಾರಣ ಇದೇ. ಬಳಸಲಿ ಬಿಡಲಿ, ತಿಂಗಳಿಗೊಂದು ಸಲ ಚಾರ್ಜ್ ಮಾಡಬೇಕು. ಇನ್ನೊಂದು ಎಚ್ಚರಿಕೆ: ಅಗ್ಗದ ಟಾರ್ಚ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಕೆಪಾಸಿಟರ್ ಒಂದರ ಮೂಲಕ 230 ವೋಲ್ಟ್ ನೇರ ಒಳಗೆ ಬರುತ್ತೆ. ಪ್ಲಗ್‌ನಲ್ಲಿ ಇರುವಾಗ ಒಡೆದ ಟಾರ್ಚ್ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡ್ಕೊಳ್ಳಿ.

ಯುಎಸ್‌ಬಿ ಚಾರ್ಜಿಂಗ್ ಇರೋ ಲಿಥಿಯಂ ಟಾರ್ಚ್: ದಿನಾ ಬಳಸೋರಿಗೆ ಇದು ಸರಿ. ಮೊಬೈಲ್ ಚಾರ್ಜರ್‌ನಲ್ಲೇ ಆಗುತ್ತೆ, ಪವರ್ ಬ್ಯಾಂಕ್‌ನಿಂದಲೂ ಆಗುತ್ತೆ. ಟೈಪ್ ಸಿ ಇರೋದು ತಗೊಂಡರೆ ಮುಂದೆ ಕೇಬಲ್‌ಗೆ ಪರದಾಡೋದಿಲ್ಲ. ಆದರೆ ಕೆಲವು ಅಗ್ಗದ ಟಾರ್ಚ್‌ಗಳು ಎರಡೂ ತುದಿ ಟೈಪ್ ಸಿ ಇರೋ ಕೇಬಲ್‌ನಲ್ಲಿ ಚಾರ್ಜ್ ಆಗಲ್ಲ. ಹಳೇ ದೊಡ್ಡ ಯುಎಸ್‌ಬಿ ಕಡೆ ಇರೋ ಕೇಬಲ್ ಹಾಕಿದರೆ ಆಗುತ್ತೆ. ಟಾರ್ಚ್ ಕೆಟ್ಟಿದೆ ಅಂತ ವಾಪಸ್ ತರೋ ಮುಂಚೆ ಇದನ್ನ ನೋಡಿ. ಸೆಲ್ ತೆಗೆದು ಬದಲಾಯಿಸೋಕೆ ಬರೋ ಟಾರ್ಚ್ ಆದರೆ ಇನ್ನೂ ಒಳ್ಳೇದು. ಸೆಲ್ ಹೋದರೆ ಸೆಲ್ ಮಾತ್ರ ಹೊಸದು ಹಾಕ್ಕೊಂಡರೆ ಆಯ್ತು.

ಗಮನಿಸಿ: 14500 ಅನ್ನೋ ಲಿಥಿಯಂ ಸೆಲ್ ನೋಡೋಕೆ ಪೆನ್ ಸೆಲ್ ಥರಾನೇ ಇರುತ್ತೆ. ಪೆನ್ ಸೆಲ್ 1.5 ವೋಲ್ಟ್, ಇದು 3.7 ವೋಲ್ಟ್. ಗಡಿಯಾರಕ್ಕೋ ರಿಮೋಟ್‌ಗೋ ಹಾಕಿದರೆ ಅದು ಸುಟ್ಟುಹೋಗಬಹುದು.

ಬಣ್ಣ, ನೀರು, ಸ್ವಿಚ್

ನೀಲಿ ಹೊಡೆಯೋ ಬಿಳಿ ಬೆಳಕು (6500 ಕೆಲ್ವಿನ್) ಅಂಗಡಿಯಲ್ಲಿ ಜೋರಾಗಿ ಕಾಣುತ್ತೆ. ಆದರೆ ಒಣ ಗರಿ, ಕೆಂಪು ಮಣ್ಣು, ಕಂದು ಹಾವು ಮೂರೂ ಒಂದೇ ಥರ ಬೂದು ಬೂದಾಗಿ ಕಾಣಬಹುದು. 4000ದಿಂದ 5000 ಕೆಲ್ವಿನ್‌ನ ಸ್ವಲ್ಪ ಹಳದಿ ಬೆಳಕಿನಲ್ಲಿ ಬಣ್ಣದ ವ್ಯತ್ಯಾಸ ವಾಸಿಯಾಗಿ ಗೊತ್ತಾಗುತ್ತೆ. ತೋಟಕ್ಕೆ ಅದೇ ಮೇಲು.

ನೀರಿಗೆ ಐಪಿ ನಂಬರ್ ನೋಡಿ. ಐಪಿಎಕ್ಸ್4 ಅಂದ್ರೆ ಮಳೆ ಹನಿ ತಡೆಯುತ್ತೆ. ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ಬಿದ್ದಿದ್ದರೂ ಒಳಗೆ ನೀರು ಹೋಗಬಾರದು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ ಇದ್ದರೆ ನಂಬರ್ ಏನಿದ್ದರೂ ಪ್ರಯೋಜನ ಇಲ್ಲ.

ಸ್ವಿಚ್ ಒದ್ದೆ ಕೈಯಲ್ಲೂ ಒತ್ತೋಕೆ ಬರಬೇಕು, ಜೇಬಲ್ಲಿ ತಾನೇ ಆನ್ ಆಗಬಾರದು. ಒಂದೊಂದು ಸಲ ಒತ್ತಿದಾಗಲೂ ಮಿಣಮಿಣ ಮಿಂಚೋ ಮೋಡ್ ದಾಟಿ ಹೋಗಬೇಕಾದ ಟಾರ್ಚ್ ಬೇಡ. ಹಾಲು ಕರೆಯೋರಿಗೆ, ರಾತ್ರಿ ಹೊತ್ತು ವಾಲ್ವ್, ಪೈಪ್ ಸರಿಮಾಡೋರಿಗೆ ತಲೆಗೆ ಕಟ್ಟೋ ಹೆಡ್ ಟಾರ್ಚ್ ಒಳ್ಳೇದು, ಎರಡೂ ಕೈ ಖಾಲಿ ಇರುತ್ತೆ.

ಅಂಗಡಿಯಲ್ಲೇ ಮಾಡೋ ಪರೀಕ್ಷೆ

1. ಕತ್ತಲೆ ಮೂಲೆಯ ಗೋಡೆಗೆ ಬಿಡಿ. ನಡುವೆ ಕಪ್ಪು ಚುಕ್ಕೆ, ಒಡೆದ ಉಂಗುರ ಕಾಣಬಾರದು.
2. ಆನ್ ಮಾಡಿ ಅಲ್ಲಾಡಿಸಿ, ಅಂಗೈಗೆ ಮೆಲ್ಲಗೆ ತಟ್ಟಿ. ಬೆಳಕು ಮಿಟುಕಿದರೆ ಬೇಡ.
3. ಐದು ನಿಮಿಷ ಜೋರು ಬೆಳಕಲ್ಲಿ ಇಡಿ. ಹಿಡಿಯೋಕಾಗದಷ್ಟು ಸುಟ್ಟರೆ ಬೇಡ.
4. ಹಿಂದಿನ ಮುಚ್ಚಳ ಬಿಚ್ಚಿ ಹಾಕಿ ನೋಡಿ. ಮರೆ ಸಲೀಸಾಗಿ ಕೂರಬೇಕು.
5. 18650 ಸೆಲ್ ತೆಗೆಯೋಕೆ ಬಂದರೆ ಅಂಗಡಿ ತಕ್ಕಡಿಯಲ್ಲೇ ತೂಗಿ. ಒಳ್ಳೆ ಸೆಲ್ 45 ಗ್ರಾಂ ಆಸುಪಾಸು ಇರುತ್ತೆ. 30 ಗ್ರಾಂ ಇದ್ದರೆ ಒಳಗೆ ಸರಕು ಕಡಿಮೆ ಅಂತಲೇ ಅರ್ಥ.

ಅಂಗಡಿಯವರ ಗಮನಕ್ಕೆ

ಪ್ಯಾಕೆಟ್ ಸಾಮಾನಿನ ಮೇಲೆ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ತಿಂಗಳು-ವರ್ಷ, ಗ್ರಾಹಕರ ದೂರಿಗೆ ಫೋನ್ ನಂಬರ್ ಇರಬೇಕು. 2011ರ ಕಾನೂನು ಮಾಪನಶಾಸ್ತ್ರದ ಪ್ಯಾಕೇಜ್ ನಿಯಮ ಹಾಗೆ ಹೇಳುತ್ತೆ. ಇದ್ಯಾವುದೂ ಇಲ್ಲದ ಡಬ್ಬಿ ಸಗಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ಕೆಟ್ಟಾಗ ಗಿರಾಕಿ ಬರೋದು ನಿಮ್ಮ ಬಾಗಿಲಿಗೇ. ಲಿಥಿಯಂ ಸೆಲ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಸೆಲ್ ಮೇಲೆ ಐಎಸ್ 16046 ಅಂತ, 'ಆರ್' ಅಕ್ಷರದಿಂದ ಶುರುವಾಗೋ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ನೋಡಬಹುದು. ಲೆಡ್ ಆಸಿಡ್ ಟಾರ್ಚ್ ಸ್ಟಾಕ್ ಇದ್ದರೆ ಕಪಾಟಲ್ಲೇ ತಿಂಗಳುಗಟ್ಟಲೆ ಬಿಡಬೇಡಿ, ನಡುನಡುವೆ ಚಾರ್ಜ್ ಮಾಡಿ. ಇಲ್ಲದಿದ್ದರೆ ಹೊಸ ಟಾರ್ಚೇ ಸತ್ತು ಹೋಗಿರುತ್ತೆ.

ಗ್ರಾಹಕರು ಬಿಲ್ ಕೇಳಿ ಇಸ್ಕೊಳ್ಳಿ. ವಾರಂಟಿಗೆ ಅದೇ ಆಧಾರ. ತೊಂದರೆ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ರಾತ್ರಿ ತೋಟಕ್ಕೆ ಹೋಗುವಾಗ

ಬೆಳಕನ್ನ ದೂರಕ್ಕಲ್ಲ, ಕಾಲಿನ ಮುಂದೆ ಎರಡು-ಮೂರು ಮೀಟರ್ ನೆಲಕ್ಕೆ ಬಿಡಿ. ಮಂಜು ಇದ್ದಾಗ ಟಾರ್ಚನ್ನ ಮುಖದ ಹತ್ತಿರ ಹಿಡಿದರೆ ಬೆಳಕು ಕಣ್ಣಿಗೇ ವಾಪಸ್ ಹೊಡೆಯುತ್ತೆ. ಸೊಂಟದ ಮಟ್ಟಕ್ಕೆ ಇಳಿಸಿ. ಮೋಟರ್ ಸ್ಟಾರ್ಟರ್ ಡಬ್ಬಿಗೆ ಕೈ ಹಾಕೋ ಮುಂಚೆ ಮೊದಲು ಒಳಗೆ ಬೆಳಕು ಬಿಟ್ಟು ನೋಡಿ, ಬೆಚ್ಚಗಿರೋ ಜಾಗಕ್ಕೆ ಹಾವು, ಚೇಳು ಸೇರ್ಕೊಳ್ತವೆ. ತೆಂಗಿನ ಸಿಪ್ಪೆ ರಾಶಿ, ಕಲ್ಲು ಕಟ್ಟೆ, ಪೈಪ್ ಬಂಡಲ್ಲಿಗೂ ಇದೇ ಮಾತು. ಗಮ್ ಬೂಟ್, ಕೈಯಲ್ಲಿ ಕೋಲು ಇರಲಿ. ಟಾರ್ಚ್ ಇದೆ ಅಂತ ಬರಿಗಾಲಲ್ಲಿ ಹೋಗಬೇಡಿ.

ತೋಟದ ಮನೆಯಲ್ಲಿ ನೆಲದ ಮೇಲೆ ಮಲಗೋರಿಗೆ ಕಟ್ಟುಹಾವಿನ ಅಪಾಯ ಹೆಚ್ಚು. ಅದು ಓಡಾಡೋದೇ ರಾತ್ರಿ, ಕಚ್ಚಿದ್ದು ಕೆಲವೊಮ್ಮೆ ನೋವೇ ಆಗಲ್ಲ. ತಲೆದಿಂಬಿನ ಪಕ್ಕ ಟಾರ್ಚ್ ಇಟ್ಟು, ಕಾಲು ಕೆಳಗೆ ಇಡೋ ಮುಂಚೆ ಆನ್ ಮಾಡೋದು ಅಭ್ಯಾಸ ಮಾಡ್ಕೊಳ್ಳಿ.

ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಮದ್ದು ಅಂದ್ರೆ ಆಸ್ಪತ್ರೆಯ ಪ್ರತಿವಿಷ ಒಂದೇ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡೋದು ಕಡ್ಡಾಯ.

ಚಿರತೆ ಕಣ್ಣು ಟಾರ್ಚ್ ಬೆಳಕಿಗೆ ಹೊಳೆದರೆ ಹತ್ತಿರ ಹೋಗಬೇಡಿ, ಬೆನ್ನು ತಿರುಗಿಸಿ ಓಡಬೇಡಿ. ಬೆಳಕು ಅದರ ಮೇಲೇ ಇಟ್ಟು, ಜೋರಾಗಿ ಕೂಗ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ಆಮೇಲೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಒಟ್ಟಾರೆ ಹೇಳೋದಾದರೆ: ನಿಜವಾದ 200ರಿಂದ 300 ಲ್ಯೂಮೆನ್, ಬದಲಾಯಿಸೋಕೆ ಬರೋ ಸೆಲ್, ಟೈಪ್ ಸಿ ಚಾರ್ಜಿಂಗ್, ಐಪಿಎಕ್ಸ್4 ಅಥವಾ ಮೇಲೆ, ಸ್ವಲ್ಪ ಹಳದಿ ಬೆಳಕು, ಬಿಲ್ಲು. ಇಷ್ಟು ಇದ್ದರೆ ಸಾಕು. ಡಬ್ಬಿ ಮೇಲೆ ಎಷ್ಟು ದೊಡ್ಡ ನಂಬರ್ ಇದೆ ಅಂತ ನೋಡಿ ದುಡ್ಡು ಕೊಡಬೇಡಿ.